ಮಮತಕ್ಕನ ಗಾಡಿಗೆ ಮುನ್ನೂರ ಹನ್ನೆರಡು ಮನೆ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಇದೆ. ಹಿರೇಮಟ್ಟಿ ಗ್ರಾಮ ಪಂಚಾಯಿತಿ ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಮತಾ ತಮ್ಮ ಗಾಡಿಯ ಮುಂಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಸೀರೆಯ ಮೇಲೆ ಹಸಿರು ಕೋಟು, ತಲೆಗೆ ಬಿಗಿದ ಟವೆಲು, ಕೈಗೆ ದಪ್ಪ ರಬ್ಬರಿನ ಗ್ಲೌಸು. ನಾಲ್ಕೂ ಚಕ್ರಗಳನ್ನು ಒಂದೊಂದು ಸಲ ಕಾಲಿನಿಂದ ತಟ್ಟಿ ನೋಡಿ ಸೀಟಿಗೆ ಹತ್ತುತ್ತಾರೆ. ಕೀಲಿ ತಿರುಗಿಸಿದ ಕೂಡಲೇ ಧ್ವನಿವರ್ಧಕದಲ್ಲಿ ಕಸದ ಹಾಡು ಶುರುವಾಗುತ್ತದೆ. ಊರಿನ ನಾಯಿಗಳಿಗೂ ಆ ಹಾಡು ಬಾಯಿಪಾಠವಾಗಿರಬೇಕು, ಒಂದೂ ಬೊಗಳುವುದಿಲ್ಲ.

ಮೂರನೇ ತಿರುವು ಬರುತ್ತಿದ್ದಂತೆ ಹಾಡನ್ನು ನಿಲ್ಲಿಸುತ್ತಾರೆ. "ಆ ಮನೇಲಿ ಬಾಣಂತಿ ಅದಾಳೆ ರೀ. ಕೂಸು ಮಲಗಿರ್ತೈತೆ. ಇಲ್ಲಿ ಬರೀ ಎರಡು ಸಲ ಹಾರ್ನ್, ಅದೂ ಮೆತ್ತಗೆ" ಎನ್ನುತ್ತಾರೆ. ಹಾರ್ನನ್ನು ಮೆತ್ತಗೆ ಒತ್ತುವುದು ಹೇಗೆ ಎಂದು ನಾನು ಕೇಳುವುದಿಲ್ಲ. ಒಳಗಿನಿಂದ ಅಜ್ಜಿಯೊಬ್ಬರು ಚೀಲ ಹಿಡಿದು ಬಂದೇಬಿಡುತ್ತಾರೆ.

ಮುಂದಿನ ಬೀದಿಯಲ್ಲಿ ರಾಜೇಶ್ವರಮ್ಮನವರ ಮನೆ. ಎಪ್ಪತ್ತು ದಾಟಿದ ಅವರು ಗೇಟಿನಲ್ಲಿ ಮೊದಲೇ ನಿಂತಿದ್ದಾರೆ. ಎರಡು ಚೀಲ ಕೊಟ್ಟು, ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಮೂರನೇ ಗಂಟನ್ನು ಬೇರೆಯಾಗಿ ಕೈಗಿಡುತ್ತಾರೆ. "ಇದು ಒಡೆದ ಲೋಟ ಕಣವ್ವ, ನೋಡಿ ತಗಾ." ಅದರ ಹಿಂದೆಯೇ ಮೊಮ್ಮಕ್ಕಳ ಮೇಲಿನ ದೂರು: "ಮೂರು ರೂಮಿಗೆ ಲೈಟ್ ಹಾಕಿ ನಾಲ್ಕನೇ ರೂಮಲ್ಲಿ ಕೂತಿರ್ತಾವೆ. ಈಗಿನ ಮಕ್ಳಿಗೆ ಯಾವ್ದರ ಬೆಲೆನೂ ಗೊತ್ತಿಲ್ಲ." ಮಮತಾ ನಕ್ಕು, "ಹೂಂ ಅಮ್ಮಾರೆ" ಎಂದು ಗೇರು ಹಾಕುತ್ತಾರೆ. ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಹೇಳುತ್ತಾರೆ: "ದಿನಾ ಕಮ್ಮಿ ಅಂದ್ರೂ ಹತ್ತು ಮನೇಲಿ ಈ ಮಾತು ಕೇಳ್ತೀನಿ. ಮೊದ್ಲು ನಾನೂ ಹಿಂಗೇ ಅಂತಿದ್ದೆ. ಈಗ ಅನ್ನಲ್ಲ."

ಯಾಕೆ ಅನ್ನುವುದಿಲ್ಲ ಎಂಬುದನ್ನು ತಿಳಿಯಲು ನಾನು ಎರಡು ಬೆಳಗು ಅವರ ಪಕ್ಕದ ಸೀಟಿನಲ್ಲಿ ಕೂರಬೇಕಾಯಿತು.

ಹಿರೇಮಟ್ಟಿ ಶಿಕಾರಿಪುರ ತಾಲ್ಲೂಕಿನ ಕೊನೆಯಲ್ಲಿದೆ. ಕೆರೆ ಏರಿಯ ಆಚೆ ಸೊರಬದ ಗದ್ದೆಗಳು. ಪಂಚಾಯಿತಿಗೆ ನಾಲ್ಕು ಹಳ್ಳಿ, ಮುನ್ನೂರ ಹನ್ನೆರಡು ಮನೆ. ಮುಸುರೆ, ಸಿಪ್ಪೆ ಅವರವರ ತಿಪ್ಪೆಗೆ ಹೋಗುತ್ತವೆ, ಒಣ ಕಸ ಮಾತ್ರ ಮಮತಾ ಅವರ ಗಾಡಿಗೆ. ದಿನಕ್ಕೆ ಎರಡು ಹಳ್ಳಿ, ಹದಿನೆಂಟು ಕಿಲೋಮೀಟರ್, ಸರಾಸರಿ ನೂರ ನಲವತ್ತು ಕೆ.ಜಿ. ಕಸ. ಹಬ್ಬದ ಮರುದಿನ ಅದು ಮುನ್ನೂರನ್ನು ಮುಟ್ಟುತ್ತದೆ. ಹತ್ತೂವರೆಗೆ ಎಲ್ಲವನ್ನೂ ಊರಾಚೆಯ ಘಟಕಕ್ಕೆ ತಂದು ಸುರಿದು ಪ್ಲಾಸ್ಟಿಕ್, ರಟ್ಟು, ಗಾಜು, ಬಟ್ಟೆ ಅಂತ ಬೇರೆ ಮಾಡಬೇಕು. ಸಹಾಯಕಿಯ ಜಾಗ ಖಾಲಿ ಇರುವುದರಿಂದ ಡ್ರೈವರೂ ಅವರೇ, ಕಸ ಎತ್ತುವವರೂ ಅವರೇ.

ಮೂವತ್ತೊಂಬತ್ತು ವರ್ಷದ ಮಮತಾ ಕುರಿ ಸಾಕುವ ಮನೆಯ ಮಗಳು. ಸುಗ್ಗಿ ಮುಗಿದ ಮೇಲೆ ತಂದೆ ಲೋಕಪ್ಪ, ತಾಯಿ ಮಾಳಮ್ಮ ಕುರಿಗಳ ಹಿಂದೆ ಹೊರಟರೆ ಮಗಳೂ ಜೊತೆಗೆ. ಕೊಯ್ದ ಗದ್ದೆಗಳಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆ ಬದಲಾಗಿ ರೈತರು ಕಾಳು ಕೊಡುತ್ತಿದ್ದರು. ಹೀಗೆ ವರ್ಷದಲ್ಲಿ ಐದು ತಿಂಗಳು ಶಾಲೆ ತಪ್ಪಿ, ಏಳನೇ ತರಗತಿಗೆ ಓದು ನಿಂತಿತು. "ಯೂರಿಯಾ ಚೀಲ ಹೊಲಿದು ಪಾಟಿಚೀಲ ಮಾಡ್ಕೊಟ್ಟಿದ್ರು ಅಪ್ಪ. ಒಂದ್ಸಲ ಶಿಕಾರಿಪುರದ ಅಂಗಡೀಲಿ ಸಕ್ಕರೆ ಕಟ್ಟಿಕೊಟ್ಟ ಪ್ಲಾಸ್ಟಿಕ್ ಕವರ್ ಸಿಕ್ತು. ಅವ್ವ ಅದನ್ನ ತೊಳೆದು ಒಣಗಿಸಿ ಎರಡು ವರ್ಷ ರೊಟ್ಟಿ ಕಟ್ಟಿದ್ಲು. ಈಗ ದಿನಕ್ಕೆ ಸಾವಿರ ಕವರ್ ಎತ್ತಾಕ್ತೀನಿ ನೋಡ್ರಿ" ಎಂದು ಹೇಳಿ ಅವರೇ ನಗುತ್ತಾರೆ.

ಗಾಡಿ ಕಲಿತದ್ದು ಮೂವತ್ತೈದನೇ ವಯಸ್ಸಿನಲ್ಲಿ. ಮಹಿಳಾ ಸಂಘದ ಸಭೆಯಲ್ಲಿ ಕಸದ ಗಾಡಿ ಓಡಿಸಲು ಯಾರು ಕಲಿಯುತ್ತೀರಿ ಎಂದು ಕೇಳಿದಾಗ ಉಳಿದ ಹದಿನೇಳು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲವಂತೆ. ಮಮತಾ ಎತ್ತಿದರು. ಮನೆಗೆ ಬಂದು ಹೆದರುತ್ತಲೇ ಗಂಡ ಶಿವಶಂಕರ ಅವರಿಗೆ ಹೇಳಿದರೆ ಅವರು, "ಇನ್ನೂರು ಕುರಿ ರಸ್ತೆ ದಾಟಿಸ್ತೀಯ, ಒಂದು ಗಾಡಿ ಸಂಭಾಳಿಸಕ್ಕೆ ಆಗಲ್ವಾ?" ಎಂದರಂತೆ. ಶಿವಮೊಗ್ಗದಲ್ಲಿ ಒಂದು ತಿಂಗಳ ತರಬೇತಿ. ಮೊದಲ ವಾರವೇ ಗಾಡಿಯನ್ನು ಹಿಂದಕ್ಕೆ ತೆಗೆದು ಒಂದು ಗೇಟು ಬೀಳಿಸಿದರು. ಊರಿಗೆ ಬಂದ ಮೇಲೆ ಎರಡು ತಿಂಗಳು ಎರಡನೇ ಗೇರು ದಾಟಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯಿಂದ, "ದಾರಿ ಬಿಡ್ರಪ್ಪೋ, ಕುರಿ ಬಂತು" ಎಂಬ ಕೂಗು ಬರುತ್ತಿತ್ತು. ಅದು ನಿಲ್ಲಲು ಒಂದು ವರ್ಷ ಹಿಡಿಯಿತು.

ಘಟಕದಲ್ಲಿ ಮಮತಾ ಒಂದು ಕಬ್ಬಿಣದ ಸ್ಟ್ಯಾಂಡು ಇಟ್ಟಿದ್ದಾರೆ. ಕಸದಲ್ಲಿ ಬಂದರೂ ಕಸವಲ್ಲದ್ದೆಲ್ಲ ಅದರ ಮೇಲೆ. ಜಿಪ್ಪು ಮಾತ್ರ ಕೆಟ್ಟ ಸ್ಕೂಲ್ ಬ್ಯಾಗು, ಅಟ್ಟೆ ಬಿಟ್ಟ ಬೂಟು, ಅರ್ಧವೂ ಬರೆಯದ ನೋಟ್‌ಬುಕ್ಕು, ಮುಚ್ಚಳ ಸಮೇತ ಟಿಫಿನ್ ಡಬ್ಬಿ. ಎರಡು ವರ್ಷದ ಹಿಂದೆ ಒಂದು ದಿನ ಅತ್ತ ಬಂದ ಹೈಸ್ಕೂಲಿನ ಮುಖ್ಯೋಪಾಧ್ಯಾಯ ಮಹೇಶ್ವರಪ್ಪ ಅವರು ಸ್ಟ್ಯಾಂಡಿನಲ್ಲಿ ಹನ್ನೊಂದು ಸ್ಕೂಲ್ ಬ್ಯಾಗು ಸಾಲಾಗಿ ತೂಗುತ್ತಿರುವುದನ್ನು ಕಂಡರು. "ಶನಿವಾರ ನಮ್ಮ ಶಾಲೆಗೆ ಬಂದು ನೀವು ಬೆಳೆದದ್ದು ಹೇಗೆ ಅಂತ ಮಕ್ಕಳಿಗೆ ಹೇಳಬೇಕಮ್ಮ. ಕೇಳಿಯಾದ್ರೂ ಬುದ್ಧಿ ಬರಲಿ" ಎಂದರು.

ಮಮತಾ ಹೋದರು. ಜೀವನದಲ್ಲಿ ಮೊದಲ ಸಲ ಮೈಕು ಹಿಡಿದು ಯೂರಿಯಾ ಚೀಲದ ಕಥೆ, ಬರಿಗಾಲಿನ ಕಥೆ, ಪ್ಲಾಸ್ಟಿಕ್ ಕವರಿನ ಕಥೆ ಹೇಳಿದರು. ಕವರಿನ ಕಥೆಗೆ ಹಿಂದಿನ ಸಾಲಿನವರು ಕಿಸಕ್ಕೆಂದರು. ಒಂಬತ್ತನೇ ತರಗತಿಯ ಸಾಲಿನಲ್ಲಿ ಕೂತಿದ್ದ ಅವರ ಮಗಳು ಅಶ್ವಿನಿ ತಲೆ ಎತ್ತಲಿಲ್ಲ. ಕೊನೆಗೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ರಾಜೇಶ್ವರಮ್ಮನವರ ಮೊಮ್ಮಗಳು ರಕ್ಷಿತಾ. "ಅಕ್ಕಾ, ನಾವು ಕಷ್ಟ ಪಡಲಿಲ್ಲ ಅನ್ನೋದು ನಮ್ಮ ತಪ್ಪಾ?" ಎಂದು ಕೇಳಿದಳು.

ಮಹೇಶ್ವರಪ್ಪನವರು ಗದರಿ ಕೂರಿಸಿದರು. ಆ ಪ್ರಶ್ನೆಯನ್ನು ಮಮತಾ ಇನ್ನೂ ಮರೆತಿಲ್ಲ. "ಸೊಕ್ಕಿನಿಂದ ಕೇಳಿದ್ರೆ ಸಿಟ್ಟು ಬರ್ತಿತ್ತು ರೀ. ಆ ಹುಡುಗಿ ಹಂಗೆ ಕೇಳಲಿಲ್ಲ. ಖರೇನೇ ತಿಳ್ಕಳಕ್ಕೆ ಕೇಳಿದ್ಲು. ಮೈಕು ಕೆಳಗಿಟ್ಟು ಬಂದ್ಬಿಟ್ಟೆ."

ಮನೆಗೆ ಬಂದು ತಾಯಿಗೆ ಹೇಳಿದರು. ಮಾಳಮ್ಮ ಸೊಪ್ಪು ಸೋಸುತ್ತಾ ಕೇಳಿ ಬಾಯ್ತುಂಬ ನಕ್ಕರು. ಆ ದಿನದ ಮಾತನ್ನು ಈಗ ನನ್ನೆದುರೂ ಅಷ್ಟೇ ಖುಷಿಯಿಂದ ಹೇಳುತ್ತಾರೆ: "ನಾನು ಇವಳಿಗೆ ಏನಂತಿದ್ದೆ ಗೊತ್ತೇನ್ರೀ? ನೀನು ರೊಟ್ಟಿ ಉಂಡು ಬೆಳೆದೋಳು, ನಾನು ಗೆಡ್ಡೆ ಬೇಯಿಸ್ಕಂಡು ಉಂಡೋಳು, ನಿನಗೇನು ಗೊತ್ತೈತೆ ಅಂತಿದ್ದೆ. ನಮ್ಮವ್ವ ನನಗೆ ಏನಂತಿದ್ಲು? ನಿನಗೆ ಗೆಡ್ಡೆನಾದ್ರೂ ಸಿಕ್ತು ಅಂತಿದ್ಲು!"

ಸೋಮವಾರ ಬೆಳಿಗ್ಗೆ ಮಮತಾ ರಕ್ಷಿತಾಳ ಮನೆಯ ಮುಂದೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. ಕಸ ಕೊಡಲು ಬಂದ ಹುಡುಗಿಗೆ, "ತಪ್ಪಲ್ಲ ಕಣವ್ವ. ನೀವು ಕಷ್ಟ ಪಡಬಾರ್ದು ಅಂತಲೇ ನಮ್ಮವ್ವ, ನಿಮ್ಮಜ್ಜಿ ಎಲ್ಲ ದುಡಿದಿದ್ದು. ಶನಿವಾರ ನನಗೆ ಇದು ತೋಚಲಿಲ್ಲ" ಎಂದರು. "ಹಂಗಾದ್ರೆ ನಾವೇನು ಮಾಡ್ಬೇಕು?" ಎಂದಳು ರಕ್ಷಿತಾ. "ನೀನು ಬಿಸಾಕಿದ್ದು ಇನ್ನೊಬ್ಬರ ಕೈಗೆ ಬರ್ತೈತೆ. ಅಷ್ಟು ನೆನಪಿಟ್ಕ. ಗಾಜಿದ್ರೆ ಬೇರೆ ಕೊಡು, ಸಾಕು."

ಇದಾಗಿ ಮೂರು ವಾರ ಕಳೆದಿರಬೇಕು. ಘಟಕದಲ್ಲಿ ಚೀಲ ಸುರಿದು ಕೈಯಾಡಿಸುತ್ತಿದ್ದಾಗ ಒಡೆದ ಟ್ಯೂಬ್‌ಲೈಟಿನ ಚೂರು ಗ್ಲೌಸನ್ನು ಸೀಳಿ ಬಲ ಅಂಗೈಗೆ ಇಳಿಯಿತು. ಏಳು ಹೊಲಿಗೆ. ಇಪ್ಪತ್ತು ದಿನ ಸ್ಟೇರಿಂಗ್ ಮುಟ್ಟುವಂತಿಲ್ಲ ಎಂದರು ಡಾಕ್ಟರು. ಕೈ ನೋವಿಗಿಂತ ಕೆಲಸ ಹೋಗುವ ಭಯವೇ ಹೆಚ್ಚಾಗಿತ್ತು. ಪಂಚಾಯಿತಿಯವರು ಬದಲಿಗೆ ಮೂವರು ಗಂಡಸರನ್ನು ಕೇಳಿದರು. "ಟ್ರ್ಯಾಕ್ಟರ್ ಆದ್ರೆ ಓಡಿಸ್ತೀನಿ, ಕಸದ ಗಾಡಿನಾ?" ಎಂದು ಮೂವರೂ ಜಾರಿಕೊಂಡರು. ಗಾಡಿ ಶೆಡ್ಡಿನಲ್ಲೇ ಉಳಿಯಿತು. ಕೆರೆ ಏರಿಯ ಮೇಲೆ ಚೀಲಗಳ ಗುಡ್ಡೆ ಏಳತೊಡಗಿತು.

ಮೂರನೇ ದಿನ ಮಧ್ಯಾಹ್ನ ರಾಜೇಶ್ವರಮ್ಮನವರು ಮಮತಾ ಅವರ ಮನೆಗೆ ಬಂದರು. ಊರಿನಲ್ಲಿ ಐವತ್ತು ವರ್ಷ ಬಾಳಿದ್ದರೂ ಆ ಕೇರಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಒಂದು ಚಿಪ್ಪು ಬಾಳೆಹಣ್ಣು ಕೆಳಗಿಟ್ಟು ಕೂತರು.

"ಆ ಗಾಜು ನಮ್ಮನೇದು ಕಣೇ" ಎಂದರು. "ರಕ್ಷಿತಾ ನಾಲ್ಕು ಹಾಳೆ ಪೇಪರಲ್ಲಿ ಸುತ್ತಿ ಬೇರೆ ಇಟ್ಟಿದ್ಲು. ಒಳ್ಳೇ ಪೇಪರು ಹಾಳಾಗ್ತೈತಲ್ಲ ಅಂತ ನಾನೇ ಬಿಚ್ಕಂಡು ಚೂರನ್ನ ಚೀಲಕ್ಕೆ ಸುರಿದೆ. ಪೇಪರು ಉಳಿಸಕ್ಕೆ ಹೋಗಿ ನಿನ್ನ ಕೈ ಕೊಯ್ದೆ."

ಆ ಮಾತಿಗೆ ಮಮತಾ ಅವರಿಗೆ ಸಿಟ್ಟು ಬಂದಿತೇ? "ಬಂತು ರೀ, ಸುಳ್ಳ್ಯಾಕೆ ಹೇಳ್ಲಿ. ಆಮೇಲೆ ನಮ್ಮವ್ವನ ಕವರ್ ನೆನಪಾತು. ಇವ್ರೂ ಅವಳಂಗೇ. ಯಾವ್ದನ್ನೂ ಬಿಸಾಕಕ್ಕೆ ಮನಸ್ಸು ಬರದ ಕಾಲದೋರು. ಇದ್ದೋರ ಮನೆ ಅಂತ ನಾವು ತಿಳ್ಕಂಡಿದ್ವಿ, ಅವ್ರೂ ಬಿಗಿಯಾಗೇ ಬದುಕಿದ್ರು ಅಂತ ಕಾಣ್ತೈತೆ. ಚಾ ಕಾಸಕ್ಕೆ ಮಗಳಿಗೆ ಹೇಳ್ದೆ. ಕುಡಿದು ಹೋದ್ರು."

ಈಗ ಶಿಕಾರಿಪುರದಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ರಕ್ಷಿತಾ ಭಾನುವಾರ ಮನೆಯಲ್ಲಿ ಸಿಕ್ಕಳು. "ಅಜ್ಜಿ ಅವತ್ತು ಊಟ ಮಾಡ್ಲಿಲ್ಲ. ನಮಗೂ ಬೇಜಾರಾಯ್ತು" ಎನ್ನುತ್ತಾಳೆ. "ಎಲ್ರೂ ನಮ್ಮನ್ನ ಬೈತಾರೆ ಸರ್. ಮೊಬೈಲ್ ಕೊಡ್ಸೋರೂ ಅವ್ರೇ, ಮೊಬೈಲ್ ನೋಡ್ತಾರೆ ಅಂತ ಬೈಯೋರೂ ಅವ್ರೇ. ಮಮತಕ್ಕ ಒಬ್ರೇ ಮನೆ ಮುಂದೆ ಗಾಡಿ ನಿಲ್ಸಿ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿದ್ದು." ಆಗ ಅವಳು ಮತ್ತು ಆರು ಮಂದಿ ಗೆಳತಿಯರು ಸಂಜೆ ಶಾಲೆ ಬಿಟ್ಟ ಮೇಲೆ ಮನೆ ಮನೆಗೆ ಹೋಗಿ, ಮಮತಕ್ಕ ವಾಪಸು ಬರುವವರೆಗೆ ಒಣ ಕಸ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕೇಳಿಕೊಂಡರಂತೆ. ಕೆಲವರು ಒಪ್ಪಿದರು. ಕೆಲವರು ಬಾಗಿಲು ಹಾಕಿಕೊಂಡರು. "ಇಪ್ಪತ್ತು ದಿನ ನಮ್ಮ ಜಗಲೀನ ಗೋಡೌನ್ ಮಾಡಿದ್ರು" ಎಂದು ಒಳಗಿನಿಂದ ರಾಜೇಶ್ವರಮ್ಮ ದನಿ ಸೇರಿಸುತ್ತಾರೆ.

ಇಪ್ಪತ್ತೊಂದನೇ ದಿನ ಮಮತಾ ಗಾಡಿ ತೆಗೆದರು. ಮೊದಲ ಮನೆಯ ಮುಂದೆ ಒಣ ಕಸ ತುಂಬಿದ ಎರಡು ಗೊಬ್ಬರದ ಚೀಲಗಳು ಕಂಡವು. ಒಂದರ ಮೇಲೆ ನೋಟ್‌ಬುಕ್ಕಿನ ಹಾಳೆ ಅಂಟಿಸಿ ಕೆಂಪು ಪೆನ್ನಿನಲ್ಲಿ ಬರೆದಿತ್ತು: "ಮಮತಕ್ಕ, ಇದರಲ್ಲಿ ಗಾಜು ಇದೆ. ನಿಧಾನ." ಮುಂದಿನ ಮನೆಯ ಚೀಲದ ಮೇಲೆ, "ಬ್ಲೇಡ್ ಇದೆ, ಜೋಪಾನ." ಇನ್ನೊಂದರ ಮೇಲೆ, "ಇದರಲ್ಲಿ ಏನೂ ಇಲ್ಲ, ಆರಾಮಾಗಿ ಎತ್ತಿ."

"ನಲವತ್ತೇಳು ಮನೆ ರೀ. ಎಣಿಸಿದೆ. ಒಂದೊಂದೂ ಓದಿಕೊಂಡು ಹೋಗೋ ಹೊತ್ತಿಗೆ ಹನ್ನೊಂದು ಗಂಟೆ. ನನ್ನ ಹೆಸರು ಬರೆದ ಕಾಗದ ಅಷ್ಟೊಂದು ನಾನು ಯಾವತ್ತೂ ನೋಡಿರ್ಲಿಲ್ಲ." ಉಳಿದ ಮನೆಗಳ ಕಸ ಕೆರೆ ಏರಿಯ ಮೇಲಿತ್ತು. ಅದನ್ನು ತೆಗೆಯಲು ಹನ್ನೆರಡು ದಿನ ಬೇಕಾಯಿತು. ಅದನ್ನೂ ಅವರು ಮುಚ್ಚಿಡುವುದಿಲ್ಲ. ಏರಿಯ ಮೇಲೆ ಸುರಿದವರಲ್ಲಿ ಹೆಚ್ಚಿನವರು ಮಕ್ಕಳಿಗೆ ಬುದ್ಧಿ ಹೇಳುವ ವಯಸ್ಸಿನವರೇ ಎಂಬುದನ್ನು ಮಾತ್ರ ನಗುತ್ತಾ ಸೇರಿಸುತ್ತಾರೆ.

ಈಗ ನೂರ ಎಂಬತ್ತು ಮನೆಗಳವರು ಗಾಜನ್ನು ಬೇರೆ ಕೊಡುತ್ತಾರೆ. ಘಟಕದ ಸ್ಟ್ಯಾಂಡಿನಿಂದ ಜಿಪ್ಪು ಹೊಲಿದ ಬ್ಯಾಗುಗಳನ್ನು ಒಯ್ಯುವವರೂ ಇದ್ದಾರೆ. ಹಾಗೆಂದು ಬ್ಯಾಗು ಎಸೆಯುವುದೇನೂ ನಿಂತಿಲ್ಲ. ಈ ಜೂನಿನಲ್ಲೂ ಒಂಬತ್ತು ಬಂದವು. "ಬರ್ಲಿ ಬಿಡ್ರಿ. ಹೊಸ ಬ್ಯಾಗು ಅಂದ್ರೆ ಮಕ್ಳಿಗೆ ಆಸೆ ಇರಲ್ವಾ? ನನಗೂ ಇತ್ತು, ಸಿಗಲಿಲ್ಲ ಅಷ್ಟೇ. ಸಿಕ್ಕಿದ್ರೆ ನಾನೂ ಎಸೀತಿದ್ನೋ ಏನೋ." ಏನು ಬೇಕು ನಿಮಗೆ ಎಂದು ಕೇಳಿದರೆ ತಡಮಾಡದೆ ಹೇಳುತ್ತಾರೆ: ಜೊತೆಗೊಬ್ಬ ಸಹಾಯಕಿ, ಕೈಗೆ ಗಟ್ಟಿ ಗ್ಲೌಸು. ಬೇರೇನೂ ನೆನಪಾಗುವುದಿಲ್ಲ.

ಹೊರಡುವ ಮುನ್ನ ಅಶ್ವಿನಿಯ ಬಗ್ಗೆ ಕೇಳಿದೆ. ಅವಳಿಗೆ ಅಮ್ಮನ ಶ್ರಮದ ಅರಿವಿದೆಯೇ ಎಂದು. ಮಮತಾ ಗ್ಲೌಸು ಕಳಚಿ ಪಕ್ಕದಲ್ಲಿ ಕೂತರು.

"ಈ ವರ್ಷ ಕಾಲೇಜಿಗೆ ಸೇರುವಾಗ ಅರ್ಜಿ ತುಂಬಿದ್ಲು. ತಾಯಿಯ ಉದ್ಯೋಗ ಅಂತ ಒಂದು ಕಡೆ ಇತ್ತು. ಏನು ಬರೀತಾಳೋ ಅಂತ ಪಕ್ಕದಲ್ಲಿ ಉಸಿರು ಹಿಡ್ಕಂಡು ನಿಂತಿದ್ದೆ. ಡ್ರೈವರ್ ಅಂತ ಬರೆದ್ಲು, ಮುಂದಿನ ಸಾಲಿಗೆ ಹೋದ್ಲು. ತಲೆ ಎತ್ತಿ ನನ್ನ ಕಡೆ ನೋಡಲೂ ಇಲ್ಲ."

ಬೇಜಾರಾಯಿತೇ?

"ಬೇಜಾರ್ಯಾಕ್ರೀ? ನನ್ನ ಶಾಲೆ ಅರ್ಜೀಲಿ ನಮ್ಮವ್ವನ ಕೆಲ್ಸ ಕೇಳೋರೇ ಇರ್ಲಿಲ್ಲ. ಇವಳಿಗೆ ಅಮ್ಮ ಗಾಡಿ ಓಡಿಸೋದು ಒಂದು ದೊಡ್ಡ ಸಂಗತಿನೇ ಅಲ್ಲ, ಮನೇಲಿ ಅನ್ನ ಇರೋದು ಎಷ್ಟು ಸಹಜವೋ ಅಷ್ಟು ಸಹಜ." ಎದ್ದು ಕೋಟಿನ ಧೂಳು ಕೊಡವಿಕೊಳ್ಳುತ್ತಾ ಹೇಳಿದರು: "ಹಂಗೇ ಇರ್ಲಿ."