ಅವ್ವನ ಸಲುವಾಗಿ ತಂದ ಯೋಕ್

ನಮ್ಮ ಮನೆಯ ಮೇಜಿಗೆ ವಿಮಾನದ ಸ್ಟೇರಿಂಗ್ ಬಂದದ್ದು ಅವ್ವನ ಸಲುವಾಗಿ. ಹಾಗೆಂದರೆ ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ. ನಗಲಿ.

ಪುಣೆಯಲ್ಲಿದ್ದ ತಂಗಿಗೆ ಚೊಚ್ಚಲ ಹೆರಿಗೆ ಹತ್ತಿರವಾಗಿತ್ತು. ಅವಳು ಪ್ರಯಾಣ ಮಾಡಕೂಡದೆಂದು ಡಾಕ್ಟರು ಹೇಳಿದ್ದರಿಂದ, ಮಗಳು ತವರಿಗೆ ಬರುವ ಬದಲು ಅವ್ವನೇ ಬಾಣಂತನಕ್ಕೆ ಹೋಗಬೇಕಾಗಿತ್ತು. ಅವ್ವನ ಮಂಡಿಗೆ ಅಷ್ಟು ದೂರದ ರೈಲು ಆಗಿಬರದು. ವಿಮಾನ ಎಂದರೆ, "ನಾನ್ ಅದ್ನ ಹತ್ತಲ್ಲ" ಎಂದು ಮುಖ ತಿರುಗಿಸುತ್ತಿದ್ದಳು. ತಂಗಿ ಫೋನಿನಲ್ಲಿ ಅಳುತ್ತಿದ್ದಳು. ಅವ್ವ ಪಕ್ಕದಲ್ಲಿಲ್ಲದೆ ಹೆರುವುದೆಂದರೆ ಅವಳಿಗೆ ದಿಗಿಲು.

ಅವ್ವನಿಗೆ ಭಯ ಎಂದು ನಾನೇ ತೀರ್ಮಾನಿಸಿದೆ. ನಮ್ಮೂರು ಉದ್ದನಪಲ್ಲಿಯಲ್ಲಿ ರಾಗಿ ಹೊಲಕ್ಕೆ ಪಕ್ಕದ ಸಾನಮಾವಿನ ಕಾಡಿನ ಆನೆ ನುಗ್ಗಿದಾಗ ತಗಡು ಬಡಿದು ಅಟ್ಟಿದ ಹೆಂಗಸು ಅವಳು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ನನಗೆ ಮೊದಲೇ ರೂಢಿಯಿತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿಸಿ, ಇಳಿಸಿ ತೋರಿಸಿದರೆ ಭಯ ಹೋದೀತು. ಆದರೆ ಕೀಬೋರ್ಡ್ ಕುಟ್ಟುತ್ತಾ ವಿಮಾನ ಓಡಿಸಿದರೆ ಯಾವ ತಾಯಿ ನಂಬುತ್ತಾಳೆ? ಅದಕ್ಕೆ ಯೋಕ್, ಅಂದರೆ ವಿಮಾನದ ಸ್ಟೇರಿಂಗ್, ಬೇಕು. ತಿರುಗಿಸಿದರೆ ವಿಮಾನ ವಾಲುತ್ತದೆ, ಎದೆಯ ಕಡೆ ಎಳೆದರೆ ಮೂಗು ಮೇಲೇಳುತ್ತದೆ. ಅದೂ ಅಸಲಿಯಂತೆಯೇ ಇರುವ ಯೋಕ್ ಬೇಕು.

ನನ್ನ ಕೆಲಸ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲಾರಿಯ ಸ್ಟೇರಿಂಗ್ ತಪಾಸಣೆ. ನೆಟ್ಟಗೆ ನಿಂತಾಗ ಅದು ಎಷ್ಟು ಸಡಿಲವಾಗಿ ಅಲ್ಲಾಡುತ್ತದೆ ಎಂದು ನೋಡಿ, ಜಾಸ್ತಿ ಇದ್ದರೆ ವಾಪಸ್ ಕಳಿಸುವುದು. ಬೆಂಗಳೂರಿನ ಅಂಗಡಿಯಲ್ಲೂ ಅದೇ ಚಾಳಿ. ಒಂದು ಯೋಕ್ ಪ್ಲಾಸ್ಟಿಕ್ಕಿನದು, ನಡುವಿಗೆ ಬಂದಾಗ ಗಡಕ್ ಎನ್ನುತ್ತಿತ್ತು. ಇನ್ನೊಂದರ ಸ್ಪ್ರಿಂಗ್ ಎಷ್ಟು ಬಿಗಿಯೆಂದರೆ ಎಳೆದರೆ ಬಾವಿಯಿಂದ ನೀರು ಸೇದಿದಂತಿತ್ತು. ಮತ್ತೊಂದು ಪೂರ್ತಿ ತಿರುಗುತ್ತಲೇ ಇರಲಿಲ್ಲ. ಕೊನೆಗೆ ಕಬ್ಬಿಣದ ಸರಳಿನ, ಕೊಂಬಿನಂಥ ಎರಡೂ ಹಿಡಿ ಕೈಗೆ ಸರಿಯಾಗಿ ಕೂರುವ ಒಂದನ್ನು ಪಾಸು ಮಾಡಿದೆ. ಅಂಗಡಿಯವನು, "ಸಾರ್, ನೀವು ಪೈಲಟ್ಟಾ?" ಎಂದು ಕೇಳಿದ. ನಾನು ಅಲ್ಲ ಎನ್ನಲು ಸ್ವಲ್ಪ ತಡಮಾಡಿದೆ.

"ಹಗಲೆಲ್ಲಾ ಲಾರಿ ಸ್ಟೇರಿಂಗ್ ಅಲ್ಲಾಡಿಸ್ತೀರ, ಮನೇಗ್ ಬಂದು ಇದನ್ನ ಅಲ್ಲಾಡಿಸ್ತೀರ. ಕೈ ಸುಮ್ನಿರಲ್ವೇನ್ರಿ?" ಎಂದಳು ಹೆಂಡತಿ.

"ಅವ್ವನ ಒಳ್ಳೇದಕ್ಕೆ ಕಣೇ."

"ಹೂಂ, ಅತ್ತೆ ಒಳ್ಳೇದಕ್ಕೆ."

ಅವ್ವನನ್ನು ಊರಿನಿಂದ ಕರೆತಂದೆ. ಯೋಕ್ ನೋಡಿದವಳೇ ನನ್ನ ಕೈ ಸರಿಸಿದಳು. "ಪೂಜೆ ಮಾಡ್ದೆ ಹೊಸ ಗಾಡಿ ಮುಟ್ತಾರೇನ್ಲಾ?" ಎಂದಳು. ಎರಡು ಕೊಂಬಿಗೂ ಗಂಧ ಬಳಿದು, ಕುಂಕುಮ ಇಟ್ಟು, ಮಲ್ಲಿಗೆ ಸುತ್ತಿದಳು. ಗಾಲಿ ಎಲ್ಲಿ ಎಂದು ಹುಡುಕಿ, ಸಿಗದೆ, ಮೇಜಿನ ಕಾಲು ಎತ್ತಿಸಿ ಅದರಡಿಗೆ ನಿಂಬೆಹಣ್ಣು ಇಟ್ಟಳು. ಕಾರ್ಖಾನೆಯಲ್ಲಿ ಆಯುಧಪೂಜೆಗೆ ನಾವು ಮಾಡುವುದೂ ಇದನ್ನೇ, ಹಾಗಾಗಿ ನಾನೂ ಕೈ ಮುಗಿದೆ.

ವಿಮಾನ ಚೆನ್ನಾಗಿಯೇ ಏರಿತು. ಅವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತು ನೋಡಿದಳು. ಕೆಳಗೆ ಕೆರೆ, ಹೊಲ, ರಸ್ತೆ. ಇನ್ನು ನೆಟ್ಟಗೆ ಹಾರಿಸೋಣವೆಂದು ಎಡಗೊಂಬಿನ ಗುಂಡಿ ಒತ್ತಿದೆ. ಮೂಗನ್ನು ತುಸು ಬಗ್ಗಿಸುವ ಗುಂಡಿ ಅದು. ಒಳಗೆ ಇಳಿದಿದ್ದ ಗಂಧ ಅಂಟಾಗಿ, ಒತ್ತಿದ ಗುಂಡಿ ಮೇಲೇಳಲೇ ಇಲ್ಲ. ವಿಮಾನ ಬಗ್ಗಿತು, ಇನ್ನೂ ಬಗ್ಗಿತು. ನಾನು ಎಳೆದೆ, ಬೆವೆತೆ, ಎದ್ದು ನಿಂತು ಎಳೆದೆ. ಕಬ್ಬಿಣದ ಸರಳು ಒಂದಿಷ್ಟೂ ಸಡಿಲವಿಲ್ಲದೆ ಬಲು ಸೊಗಸಾಗಿ ಹಿಂದೆ ಬಂತು, ಮೂಗು ಮಾತ್ರ ಮೇಲೇಳಲಿಲ್ಲ. ನಾವು ಕೆರೆಗೆ ಬಿದ್ದೆವು.

ಅವ್ವ ಪರದೆಯ ಕಡೆ ಬಗ್ಗಿ ನೋಡಿದಳು. "ಎಲ್ರೂ ಹೋದ್ರೇನ್ಲಾ?" ಎಂದು ಕೇಳಿದಳು. ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು.

ನನಗೆ ಅಳುವೇ ಬಂತು. "ನೀನ್ ಗಂಧ ಬಳ್ದಿದ್ಕೇ ಅವ್ವಾ ಇದು. ನಿಜವಾದ್ದು ಹಿಂಗೆ ಬೀಳಲ್ಲ. ಹೆದರ್ಕೋಬೇಡ" ಎಂದೆ.

"ಬೀಳಾದಕ್ಕೆ ಯಾರ್ಲಾ ಹೆದರ್ತಾರೆ? ಎಲ್ರ ಜೊತೆ ಬೀಳಾದ್ ತಾನೆ" ಎಂದಳು ಅವ್ವ. "ಅಲ್ಲಿ ಇಳಿದ್ಮೇಲೆ ಯಾವ ಬಾಗ್ಲಲ್ಲಿ ಹೋಗ್ಬೇಕು, ಯಾರ್ನ ಏನಂತ ಕೇಳ್ಬೇಕು? ನಂಗೆ ಕನ್ನಡ ಬತ್ತದೆ, ತಮಿಳ್ ಬತ್ತದೆ, ತೆಲುಗು ಬತ್ತದೆ. ಅಲ್ಲಿ ಮೂರೂ ನಡಿಯಲ್ಲ. ಬೋರ್ಡ್ ಓದಕ್ಕೂ ಬರಲ್ಲ. ನಿನ್ ಸ್ಟೇರಿಂಗು ಅದ್ನ ಹೇಳ್ಕೊಡ್ತದಾ?"

ನಾನು ಯೋಕಿನ ಮಲ್ಲಿಗೆ ಬಿಚ್ಚುತ್ತಾ ನಿಂತೆ. ಅವಳು ಮತ್ತೆ ಕೇಳಿದಳು: "ನೀನ್ ಹತ್ತಿದ್ದೀಯಾ ಯಾವತ್ತಾರಾ?"

ಹತ್ತಿರಲಿಲ್ಲ.

"ಮತ್ತೆ? ರಜಾ ಹಾಕು. ಇಬ್ರೂ ಹೋಗಾನ."

ರಜಾ ಹಾಕಿದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೋರ್ಡುಗಳನ್ನೆಲ್ಲಾ ನಾನು ಓದಿದೆ, ಬ್ಯಾಗು ನಾನು ಹಿಡಿದೆ, ಅವ್ವನಿಗೆ ಬೆಲ್ಟು ನಾನೇ ಕಟ್ಟಿದೆ. ವಿಮಾನ ಓಡತೊಡಗಿತು. ಕಿಟಕಿಯ ಹೊರಗೆ ನೆಲ ಸರ್ರನೆ ಹಿಂದೆ ಹೋಗುತ್ತಿತ್ತು, ಕಾಲಡಿ ಎಲ್ಲಾ ನಡುಗುತ್ತಿತ್ತು. ಮುಂದಿನ ಗಾಲಿ ನೆಲ ಬಿಟ್ಟದ್ದು ಬೆನ್ನಿಗೆ ಗೊತ್ತಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಪಕ್ಕದಿಂದ ಅವ್ವ ಮೆಲ್ಲನೆ ಅಂದಳು: "ಇಲ್ಲೇ ಇದ್ದೀನಿ ಕಣ್ಲಾ. ನನ್ ಕೈ ಸ್ವಲ್ಪ ಸಡಿಲ ಬಿಡು, ನೋಯ್ತದೆ."