ಕೆಮ್ಮದ ಫೋನು

ಬೆಳಕು ಹರಿಯುವ ಮೊದಲೇ ಅವಳು ಹಾಲು ಕಾಯಿಸಿ, ಮಗಳ ಡಬ್ಬಿ ತುಂಬಿ, ಮಾವನ ಮಾತ್ರೆಗಳನ್ನು ಬಟ್ಟಲಿಗೆ ಹಾಕಿ, ಗಂಡನ ಕಾಲುಚೀಲದ ಜೋಡಿ ಹುಡುಕಿ, ಒದ್ದೆ ಬಟ್ಟೆ ಹರವಿ, ಆಮೇಲೆ ಅಡುಗೆಕಟ್ಟೆಯ ಮೇಲೇ ಲ್ಯಾಪ್‌ಟಾಪ್ ತೆರೆದು, ಕಂಪನಿಯ ಯಜಮಾನರ ಫೋನಿನೊಳಗೆ ಹೊಕ್ಕು ಅದರ ಕಸ ಗುಡಿಸುತ್ತಿದ್ದಳು.

“ನಮ್ಮನೇಲಿ ಎಲ್ಲಾ ತಾನಾಗೇ ನಡ್ಕೊಂಡು ಹೋಗುತ್ತೆ,” ಎಂದು ಗಂಡ ನೆಂಟರ ಮುಂದೆ ಬೀಗುವುದುಂಟು. ನೆಂಟರೂ ಉಂಡ ತಟ್ಟೆ ಬಿಟ್ಟೆದ್ದು, ಹೌದೌದು ಎಂದು ತಲೆದೂಗುತ್ತಾರೆ.

ಅವಳ ಕಂಪನಿಯಲ್ಲಿ ಹೊಸ ಫೋನಿಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದೆಂಬ ಮಾತು ಸಂಬಂಧ ಕುದುರಿಸುವ ಮಾತಿನಂತೆ ಎಳೆದಾಡುತ್ತಿತ್ತು. ಹೊರಗಿನಿಂದ ತರುವ ಸಿಸ್ಟಂ ಪುಕ್ಕಟೆ. ಆದರೆ ಅದರ ಬೆನ್ನಿಗೇ ತವರಿನ ಆ್ಯಪ್‌ಗಳ ಹಿಂಡು ಬಂದು ಮೊದಲ ಪರದೆಯ ಮೇಲೆ ಕಾಲು ಚಾಚಿ ಕೂರುತ್ತದೆ, ಎಬ್ಬಿಸುವಂತಿಲ್ಲ. ಕಂಪನಿಯೇ ಕಟ್ಟಿದ ಸಿಸ್ಟಂ ಹೇಳಿದಂತೆ ಕೇಳುತ್ತದೆ. ಆದರೆ ಇನ್ನೂ ಎಳಸು, ದಿನಕ್ಕೊಮ್ಮೆ ಮುಗ್ಗರಿಸುತ್ತದೆ. ಅದನ್ನು ಕಟ್ಟಿದವರಲ್ಲಿ ಅವಳೇ ಮೊದಲಿಗಳು. ಅದು ಗೆದ್ದರೆ ಹೊಸ ವಿಭಾಗ, ವಿಭಾಗಕ್ಕೊಬ್ಬ ಮುಖ್ಯಸ್ಥೆ. “ಆ ಕುರ್ಚಿ ನಿಂದೇ ತಾಯಿ,” ಎಂದು ಯಜಮಾನರು ಮಾತು ಕೊಟ್ಟಿದ್ದರು.

ಎರಡು ಬಗೆಯ ಫೋನನ್ನೂ ಒಂದು ತಿಂಗಳು ತಾವೇ ಬಳಸಿ ನೋಡುವುದಾಗಿ ಅವರು ಹೇಳಿದರು. ದೋಷ ಕಂಡರೆ ವರದಿ ಮಾಡಲೆಂದು ಅವಳಿಗೆ ಅವುಗಳ ಒಳಗೆ ಹೋಗುವ ಅನುಮತಿ ಇತ್ತು. ಆದರೆ ಚೆಲ್ಲಿದ್ದನ್ನು ಯಾರೂ ಏಳುವ ಮುಂಚೆ ಒರೆಸಿಡುವುದು ಅವಳಿಗೆ ರೂಢಿ. ತಾನು ಕಟ್ಟಿದ್ದು ಕೆಟ್ಟಾಗಲೆಲ್ಲ ವರದಿ ಮಾಡದೆ ಸರಿಪಡಿಸಿಟ್ಟಳು.

ತಿಂಗಳ ಕೊನೆಗೆ ಸಭೆ ಸೇರಿತು.

“ಆ ಹೊರಗಿಂದು ಬೆಳಗೆದ್ರೆ ಪ್ರಾಣ ತಿನ್ನುತ್ತೆ, ಅದು ಒಪ್ಕೋ, ಇದು ಒಪ್ಕೋ ಅಂತ,” ಎಂದರು ಯಜಮಾನರು. “ನಮ್ದು ನೋಡಿ, ಒಂದಿನಾನೂ ಕೆಮ್ಮಲಿಲ್ಲ. ನಮ್ದನ್ನೇ ಹಾಕೋಣ.”

ಚಪ್ಪಾಳೆ ಬಿತ್ತು. ಪಕ್ಕದ ಮೇಜಿನ ಗೆಳತಿ ಅವಳ ತೋಳು ಚಿವುಟಿದಳು. “ಅಕ್ಕಾ, ಸಿಹಿ ಯಾವಾಗ?”

ಯಜಮಾನರ ಮಾತು ಮುಗಿದಿರಲಿಲ್ಲ. “ಇಷ್ಟು ಸಾಧು ಫೋನಿಗೆ ಬೇರೆ ವಿಭಾಗ ಯಾಕ್ರೀ? ಇದನ್ನ ನೋಡ್ಕೊಳ್ಳೋರು ಅಂತ ಹೊರಗೆ ಹೇಳೋಕೆ ನಮ್ಮ ಅಳಿಯಂದ್ರ ಹೆಸರಿರಲಿ. ನೀನು ಒಂದು ಕಣ್ಣಿಟ್ಟಿರು ತಾಯಿ. ಹೆಂಗೂ ಬೇಗ ಏಳ್ತೀಯಲ್ಲ!”

“ಸರ್, ಅದು ಕೆಮ್ಮದೇ ಇರೋಕೆ ನಾನು ದಿನಾ...”

“ನೋಡಿದ್ರಾ, ಈ ಹೆಣ್ಮಕ್ಕಳಿಗೆ ಚಿಂತೆ ಮಾಡೋಕೆ ಏನಾದ್ರೂ ಒಂದು ಬೇಕು!”

ಯಜಮಾನರ ಪಕ್ಕದಲ್ಲೇ ಕೂತಿದ್ದ ಅಳಿಯಂದಿರು ನಕ್ಕರು. ಅವರು ನಕ್ಕ ಮೇಲೆ ಉಳಿದವರೂ ನಕ್ಕರು.

ಗೆಳತಿಯನ್ನು ಊಟಕ್ಕೆ ಮುಂದೆ ಕಳಿಸಿ ಅವಳೊಬ್ಬಳೇ ಪರೀಕ್ಷಾ ಕೋಣೆಗೆ ಬಂದಳು. ಕಂಪ್ಯೂಟರಿನಲ್ಲಿ ಕೆಂಪು ಗುರುತು ಮಿನುಗುತ್ತಿತ್ತು. ಯಜಮಾನರ ಫೋನು ಆಗಲೇ ಮುಗ್ಗರಿಸಿತ್ತು. ಒಂದು ಗುಂಡಿ ಒತ್ತಿದರೆ ಸರಿಹೋಗುವಂಥದ್ದು. ಬೆರಳು ಅತ್ತ ಹೋಯಿತು, ಹಿಂದೆಳೆದುಕೊಂಡಳು. ಇವತ್ತೇನೋ ಕೈ ತಡೆದುಕೊಂಡಾಳು. ನಾಳೆ? ಹಾಲು ಉಕ್ಕುವುದನ್ನು ಕಂಡರೆ ಯಾರ ಮನೆಯ ಒಲೆಯಾದರೂ ಸರಿ, ಓಡಿಹೋಗಿ ಆರಿಸುವ ಕೈ ಅದು.

ಆ ಫೋನಿನೊಳಗೆ ಹೋಗುವ ಅನುಮತಿ ಇದ್ದವರ ಪಟ್ಟಿಯಲ್ಲಿ ತನ್ನ ಹೆಸರೊಂದೇ ಇತ್ತು. ‘ತೆಗೆದುಹಾಕು’ ಎಂದು ಒತ್ತಿದಳು.

‘ಖಚಿತವೇ? ಮತ್ತೆ ಒಳಗೆ ಬರಲಾಗದು,’ ಎಂದು ಪರದೆ ಕೇಳಿತು.

ಇಷ್ಟು ವರ್ಷಗಳಲ್ಲಿ ಅವಳ ಇಷ್ಟವೇನೆಂದು ಕೇಳಿದ್ದು ಅದೊಂದೇ. ಅವಳು ಹೌದೆಂದಳು.