ದಿಂಬಿನ ಕವರಿನಲ್ಲಿ ಹಂದಿ ತೊಡೆ

ಪೊಲೀಸರು ಪರಟೆನೆ ಮಾವನ ಬಂದೂಕುಗಳನ್ನು ಕಂಬಳಿಯಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡು ಹೋದ ದಿನ ನಾನು ಅವರ ಅಡುಗೆಮನೆಯಲ್ಲೇ ಇದ್ದೆ. ನಾನು ಈ ಕಣಿವೆಯ ಟಪಾಲು ಹಂಚುವವಳು, ಪರಟೆನೆ ನನ್ನ ಗಂಡನ ಸೋದರಮಾವ. ಕಾಗದ ಕೊಟ್ಟು ಹೊರಡಬೇಕಾದವಳು ಅಲ್ಲೇ ನಿಂತುಬಿಟ್ಟೆ. ನುಗ್ಗಿ ಬರುವ ಗಂಡುಹಂದಿಯ ಎದುರು ಬರೀ ಚಾಕು ಹಿಡಿದು ನಿಂತ ಮನುಷ್ಯ ಅವರು. ಅವತ್ತು ಒಂದೇ ಬಟ್ಟಲು ಚಹಾಕ್ಕೆ ಮತ್ತೆ ಮತ್ತೆ ಸಕ್ಕರೆ ಹಾಕುತ್ತಿದ್ದರು.

"ಆ ಹೆಣ್ಣುಮಗಳು ದೂರು ಕೊಟ್ಟಿದಾಳೆ. ಲೈಸೆನ್ಸ್ ಇಟ್ಕೋಬಹುದೋ ಇಲ್ವೋ ಆಮೇಲೆ ತಿಳಿಸ್ತೀವಿ. ಅಲ್ಲೀವರೆಗೆ ಆ ಮನೆ ಹತ್ರ ಸುಳೀಬೇಡಿ ಯಜಮಾನ್ರೇ" ಎಂದಿದ್ದರು ಪೊಲೀಸರು. ಮರ್ಯಾದೆಯಿಂದಲೇ ಅಂದರು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ರೇಗುವ ಪೊಲೀಸರ ಜೊತೆ ಜಗಳವಾದರೂ ಆಡಬಹುದು.

ಗಾಡಿಯ ಸದ್ದು ಅಡಗಿದ ಮೇಲೆ ಮಾವ ಒಂದೇ ಮಾತು ಕೇಳಿದರು. "ರಿಪೆಕಾ, ಆ ಹುಡುಗಿ ನನಗೆ ಹೆದರಿದಾಳಾ?"

ಅವರು ಮಾಡಿದ್ದೇನೆಂದು ಹೇಳಬೇಕಾದರೆ ಗುಡ್ಡದ ಕಥೆ ಹೇಳಬೇಕು. ಗುಡ್ಡ ಮಾವನದಲ್ಲ, ಕುರಿ ಸಾಕುತ್ತಿದ್ದ ಡೂಗಲ್ ಎಂಬ ಬಿಳಿಯ ಮುದುಕನದು. ಅದಕ್ಕೂ ಮುಂಚೆ, ಬಿಳಿಯರು ಈ ನೆಲಕ್ಕೆ ಬರುವ ಮೊದಲು, ನಮ್ಮ ಹಿರಿಯರದು, ಆ ಜಗಳ ಈಗ ಬೇಡ. ಮಾವ ಮೀಸೆ ಚಿಗುರುವ ಕಾಲದಿಂದ ಅಲ್ಲಿ ನಾಯಿ ಬಿಟ್ಟು ಹಂದಿ ಹಿಡಿದವರು. ನಮ್ಮಲ್ಲಿ ಯಾರೇ ಸತ್ತರೂ ಮಣ್ಣಿಗೆ ಬಂದ ಜನಕ್ಕೆ ಬಡಿಸುವ ಹಂದಿ ಆ ಗುಡ್ಡದಿಂದ ಮಾವನ ಬೆನ್ನ ಮೇಲೆ ಇಳಿದು ಬರುತ್ತಿತ್ತು. ಬಾಯಿಬಿಟ್ಟು ಅನುಮತಿ ಕೇಳಿದ್ದು ಬದುಕಿನಲ್ಲಿ ಒಂದೇ ಸಲವಂತೆ. ಆಮೇಲಿನ ವ್ಯವಹಾರವೆಲ್ಲ ಮಾತಿಲ್ಲದ್ದು. ಬೇಟೆಯ ಮಾರನೆಯ ಬೆಳಗ್ಗೆ, ಮನೆಯವರು ಏಳುವ ಮುಂಚೆ, ಹಂದಿಯ ಒಂದು ಹಿಂಗಾಲಿನ ತೊಡೆಯನ್ನು ಹಳೇ ದಿಂಬಿನ ಕವರಿನಲ್ಲಿ ಹಾಕಿ ಡೂಗಲ್‌ನ ಹಿಂಬಾಗಿಲ ಕೊಕ್ಕೆಗೆ ತೂಗುಹಾಕಿ ಬರುವುದು. ಡೂಗಲ್‌ನ ಹೆಂಡತಿ ಆ ಕವರನ್ನು ಒಗೆದು ಗೇಟಿಗೆ ಕಟ್ಟುತ್ತಿದ್ದಳು. ಗೇಟಿನ ಮೇಲೆ ಕವರು ಒಣಗುತ್ತಿದ್ದರೆ ಮತ್ತೆ ಬಾ ಎಂದರ್ಥ.

ಮಲಗಿದವರಿಗೆ ಎಚ್ಚರವಾಗದಂತೆ, ಕಟ್ಟಿದ ನಾಯಿ ಕೂಡ ಬೊಗಳದಂತೆ ಬಂದು ಹೋಗುವುದು ಮಾವನ ದೊಡ್ಡ ಹೆಮ್ಮೆಯಾಗಿತ್ತು. ಅದೇ ಅವರಿಗೆ ಗೊತ್ತಿದ್ದ ಸಭ್ಯತೆ.

ಡೂಗಲ್ ತೀರಿಕೊಂಡ, ಹೆಂಡತಿ ಮಗಳ ಮನೆಗೆ ಹೋದಳು, ಮಕ್ಕಳು ಗುಡ್ಡವನ್ನು ಪೈನ್ ಗಿಡ ನೆಡುವ ಕಂಪನಿಗೆ ಮಾರಿದರು. ಗೇಟಿಗೆ ಸರಪಳಿ ಬಿತ್ತು. ಬಂದೂಕು ತರಬೇಡಿ, ನಾಯಿ ತರಬೇಡಿ, ಒಳಗೆ ವಿಷವಿಟ್ಟಿದೆ ಎಂಬ ಬೋರ್ಡೂ ಬಂತು. ಊರಿನ ಪಡ್ಡೆಗಳು ಒಂದು ದಿನ ಆ ಬೋರ್ಡಿಗೆ ಗುಂಡು ಹೊಡೆದು ಜರಡಿ ಮಾಡಿದರು. ಮಾವ ಅವರನ್ನು ಅಂಗಡಿ ಮುಂದೆ ನಿಲ್ಲಿಸಿಕೊಂಡು ಉಗಿದರು.

"ಬೋರ್ಡೇನು ಓಡಿಹೋಗ್ತಿತ್ತೇನ್ರೋ? ನಿಂತ ಹಲಗೆ ಹೊಡೆಯೋಕೆ ಇಷ್ಟು ಜನ ಶೂರರು ಬೇಕಾಯ್ತಾ?"

"ಮತ್ತೆ ಬೀಗ ತೆಗೆಸೋದು ಹೇಗೆ ಮಾವ?" ಎಂದೆ ನಾನು.

"ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ, ಅದಕ್ಕೆ ಹಾಕಿದಾರೆ. ಗೊತ್ತು ಮಾಡಿಸ್ತೀನಿ ಬಿಡು."

ಗೊತ್ತು ಮಾಡಿಸಲು ಅವರಿಗೆ ಬರುತ್ತಿದ್ದದ್ದು ಒಂದೇ ದಾರಿ. ಹೊಳೆಬದಿಯ ನಮ್ಮದೇ ತುಂಡು ಜಾಗದಲ್ಲಿ ಹೇಗೋ ಒಂದು ಹಂದಿ ಹಿಡಿದರು. ಬಂದೂಕು ಮನೆಯಲ್ಲಿಟ್ಟು, ನಾಯಿಗಳನ್ನು ಗಾಡಿಯಲ್ಲಿ ಕಟ್ಟಿ, ಬೆಳಕು ಹರಿಯುವ ಹೊತ್ತಿಗೆ ಡೂಗಲ್‌ನ ಹಿಂಬಾಗಿಲಿಗೆ ಹೋಗಿ ತೊಡೆ ತೂಗುಹಾಕಿ ಬಂದರು. ಎಂದಿನಂತೆ ಒಂದು ಸದ್ದೂ ಆಗಲಿಲ್ಲ.

ಆ ಮನೆಯಲ್ಲಿ ಈಗ ಕಂಪನಿಯ ಮೇಲ್ವಿಚಾರಕನ ಹೆಂಡತಿ ಟ್ಯಾರಿನ್ ಇದ್ದಳು, ಕೈಗೂಸಿನ ಜೊತೆ ಒಬ್ಬಳೇ. ಗಂಡ ಗಿಡ ನೆಡುವವರ ಜೊತೆ ವಾರವೆಲ್ಲ ಗುಡ್ಡದ ಮೇಲೆ. ದೂರು ಕೊಟ್ಟದ್ದು ಅವಳೇ, ಈ ಕಣಿವೆಯಲ್ಲಿ ಹಂದಿ ತೊಡೆ ಅಂದರೆ ಯಾರ ಕೆಲಸವೆಂದು ಪೊಲೀಸರಿಗೆ ಗೊತ್ತೇ ಇತ್ತು.

ಬಂದೂಕು ಹೋದ ಮಾರನೆಯ ದಿನ ಅವಳಿಗೊಂದು ಪಾರ್ಸೆಲ್ ಬಂದಿತ್ತು. ಆ ಮನೆಯಂಗಳಕ್ಕೆ ಹೋಗಲು ನಮ್ಮ ಪೈಕಿ ಯಾರಿಗಾದರೂ ಹಕ್ಕಿದ್ದರೆ ಅದು ನನಗೆ ಮಾತ್ರ. ವ್ಯಾನಿನಿಂದ ಇಳಿಯುತ್ತಲೇ ಕಿಟಕಿಯ ಪರದೆ ಅಲುಗಿತು.

"ಅಲ್ಲೇ ನಿಲ್ಲಿ. ಯಾರು?"

"ಟಪಾಲಿನವಳು ಕಣಮ್ಮ, ರಿಪೆಕಾ. ದಿನಾ ಬರ್ತೀನಲ್ಲ."

"ಕೆಳಗಿಟ್ಟು ಹಿಂದೆ ಸರೀರಿ."

ಸರಿದೆ. ಬಾಗಿಲು ಒಂದು ಗೇಣು ತೆರೆಯಿತು. ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಮಾಂಸ ಕೊಯ್ಯುವ ಚಾಕು. ಈ ಕಣಿವೆಯಲ್ಲಿ ನನ್ನಷ್ಟು ಬಾಯಿ ಯಾರಿಗೂ ಇಲ್ಲ ಅನ್ನುತ್ತಾರೆ. ಆ ಬಾಯಿಗೆ ಬಂದದ್ದು ಒಂದೇ ಮಾತು.

"ಆ ಕವರು ಇಟ್ಟದ್ದು ನಮ್ಮ ಮಾವ" ಎಂದೆ. ಚಾಕು ಮೇಲೆದ್ದಿತು. "ಬೆದರಿಕೆ ಅಲ್ಲಮ್ಮ ಅದು, ಊಟ. ನಿಮಗೆ ಊಟ ತಂದಿದ್ರು."

"ಊಟನಾ?"

ಎರಡೂ ಕೈ ಕಾಣುವಂತೆ ಎತ್ತಿ ಹಿಡಿದು ಎಲ್ಲ ಹೇಳಿದೆ, ಡೂಗಲ್, ಕೊಕ್ಕೆ, ಗೇಟಿನ ಮೇಲೆ ಒಣಗುವ ಕವರು. ಬಡಬಡನೆ ಹೇಳಿದೆ, ನಿಲ್ಲಿಸಿದರೆ ಅವಳು ಬಾಗಿಲು ಹಾಕಿಬಿಡುತ್ತಾಳೆಂಬ ಭಯ. ಹೇಳಿ ಮುಗಿಯುವ ಹೊತ್ತಿಗೆ ಅವಳು ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಚಾಕುವನ್ನು ಪಕ್ಕದಲ್ಲಿಟ್ಟಳು, ಕೈಗೆ ಸಿಗುವಷ್ಟು ಹತ್ತಿರದಲ್ಲೇ.

"ಗೊರಸು ಹೊರಗೆ ಕಾಣ್ತಿರಲಿಲ್ಲ. ಬಿಳೀ ಬಟ್ಟೆ, ರಕ್ತ, ಒಳಗೆ ಏನೋ ಇಷ್ಟುದ್ದ" ಎಂದು ಮಗುವಿನ ಉದ್ದ ತೋರಿಸಿದಳು. "ನಾನು ತೊಟ್ಟಿಲ ಹತ್ರ ಓಡಿದೆ. ಇವನು ಹೊದಿಕೆ ಅಡಿಗೆ ಸರಿದುಬಿಟ್ಟಿದ್ದ, ತಕ್ಷಣ ಕಾಣಲೇ ಇಲ್ಲ."

ಅವಳು ಮಗುವಿನ ಕಾಲನ್ನು ಬಟ್ಟೆಯೊಳಗೆ ಸೇರಿಸಿ ನನ್ನ ಕಡೆ ನೋಡಿದಳು.

"ಬಾಗಿಲು ತಟ್ಟಿದ್ರೆ ಏನಾಗ್ತಿತ್ತು ಅವರಿಗೆ?"

"ನಿಮ್ಮ ನಿದ್ದೆ ಕೆಡಬಾರ್ದು ಅಂತ."

ಅವಳು ನಕ್ಕಳು. ನಗುತ್ತಲೇ ಅಳತೊಡಗಿದಳು. "ನಾನು ಮಲಗಿರೋ ಗೋಡೆ ಆಚೆ ಬಂದು ನಿಂತಿದ್ರು. ನನಗೆ ಎಚ್ಚರ ಆಗಲಿಲ್ಲ. ಅವರು ಒಳ್ಳೆಯವರೇ ಇರಬಹುದು ಅಕ್ಕಾ. ಮುಂದೆ ಬರೋರು?"

ಅವಳು ಕೆಟ್ಟ ಹುಡುಗಿಯಲ್ಲ. ನನ್ನೆದುರೇ ಪೊಲೀಸರಿಗೆ ಫೋನ್ ಮಾಡಿ, ತಪ್ಪು ತಿಳಿದುಕೊಂಡಿದ್ದೆ ಎಂದು ದೂರು ವಾಪಸು ತೆಗೆದುಕೊಂಡಳು. ಕೆಲವು ದಿನಗಳಲ್ಲಿ ಬಂದೂಕುಗಳು ಬಂದವು, ಲೈಸೆನ್ಸೂ ಉಳಿಯಿತು. ಮಾವ ಬಂದೂಕಿನ ಕಡೆ ನೋಡಲಿಲ್ಲ. ಆ ವಾರವೆಲ್ಲ ನನ್ನ ವ್ಯಾನು ಕಂಡೊಡನೆ ಅವರ ಕೇಳಿಕೆ ಒಂದೇ, "ಗೇಟಿನ ಮೇಲೆ ಏನಾದ್ರೂ ಇತ್ತಾ?"

ಒಂದು ಬೆಳಗ್ಗೆ ಟ್ಯಾರಿನ್ ರಸ್ತೆಗೇ ಬಂದು ನಿಂತಿದ್ದಳು. ಕೈಯಲ್ಲಿ ದಿಂಬಿನ ಕವರು, ಒಗೆದು ಇಸ್ತ್ರಿ ಮಾಡಿದ್ದು.

"ಗೇಟಿಗೆ ಕಟ್ಟಿದ್ರೆ ಏನರ್ಥ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ಕೈಗೆ ಕೊಡ್ತಿದೀನಿ. ಗುಡ್ಡ ಕಂಪನಿದು, ನಂದಲ್ಲ. ನಂದೇ ಆಗಿದ್ರೂ..."

ಸುಳ್ಳು ಹೇಳೋಣವೆಂದುಕೊಂಡೇ ಮಾವನ ಮನೆಗೆ ಹೋದೆ. ಅವರ ಮುಖ ನೋಡಿ ಆಗಲಿಲ್ಲ. "ಕೈಗೆ ಕೊಟ್ಟಳು" ಎಂದೆ.

ಅವರು ಕವರಿನ ಮಡಿಕೆಯ ಮೇಲೆ ಬೆರಳಾಡಿಸಿದರು. "ಇಸ್ತ್ರಿ ಬೇರೆ ಮಾಡಿದಾಳೆ" ಎಂದರು. ಅದನ್ನು ಮೇಜಿನ ಮೇಲಿಟ್ಟು, "ನಿದ್ದೆ ಮಾಡ್ತಾಳಂತಾ?"

"ಇಲ್ವಂತೆ ಮಾವ."

ಮೊನ್ನೆ ನಮ್ಮ ಹಿರಿಯಜ್ಜಿ ತೀರಿಕೊಂಡಾಗ ಪೇಟೆಯಿಂದ ಕೋಳಿ ತರಿಸಿದೆವು. ಮಾವ ತಟ್ಟೆಯ ಮುಂದೆ ಕೂತರು, ತಿನ್ನಲಿಲ್ಲ.

ಹೊಳೆಬದಿಯ ಜಾಗಕ್ಕೆ ಹೋಗುವ ರಸ್ತೆ ಟ್ಯಾರಿನ್‌ಳ ಮನೆ ಮುಂದಿನದೇ, ಬೇರೆ ದಾರಿಯಿಲ್ಲ. ಮಾವ ಈಗ ನಡುಹಗಲಿನಲ್ಲಿ, ರಸ್ತೆಯ ನಟ್ಟನಡುವೆ ನಡೆದು ಹೋಗುತ್ತಾರೆ. ತಮ್ಮ ಮುದಿ ನಾಯಿ ಲೇಡಿಯ ಕೊರಳಿಗೆ ಹಳೆಯ ದನದ ಗಂಟೆ ಕಟ್ಟಿದ್ದಾರೆ. ಅಂಗಡಿಯ ಮುಂದಿನ ಪಡ್ಡೆಗಳಿಗೆ ನಗುವೋ ನಗು.

"ಏನ್ ಮಾವ, ಹಂದಿಗಳಿಗೆ ಮದುವೆ ಕರೆಯೋಕೆ ಹೊರಟ್ರಾ?"

"ಹಂದಿ ಓಡಿಹೋಗ್ಲಿ ಬಿಡ್ರೋ" ಅನ್ನುತ್ತಾರೆ ಮಾವ. "ಬರ್ತಿರೋದು ನಾನು ಅಂತ ಆ ಹುಡುಗಿಗೆ ಕೇಳಿದ್ರೆ ಸಾಕು."

ನಿನ್ನೆ ನಾನು ವ್ಯಾನಿನಲ್ಲಿ ಅವರ ಹಿಂದೆಯೇ ನಿಧಾನಕ್ಕೆ ಬರುತ್ತಿದ್ದೆ. ಆ ಮನೆ ಹತ್ತಿರವಾದಾಗ ಮಾವ ಜೋರಾಗಿ ಕೆಮ್ಮಿದರು, ಗಂಟೆ ಢಣಢಣ ಎಂದಿತು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಟ್ಯಾರಿನ್ ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.